ಎಲ್ಲಿ ನಿಂತು, ಯಾವ ಹೊತ್ತಿನಲ್ಲಿ? ಹಂಪಿಯ ಛಾಯಾಚಿತ್ರಗಳ ಚರಿತ್ರೆಯಿಂದ ಹೊಸಬರಿಗೆ ಪಾಠ

ಐವತ್ತು ರೂಪಾಯಿಯ ಹೊಸ ನೋಟನ್ನು ತಿರುಗಿಸಿ ನೋಡಿ. 2017ರಲ್ಲಿ ಚಲಾವಣೆಗೆ ಬಂದ ಈ ನೀಲಿ ನೋಟಿನ ಹಿಂಬದಿಯಲ್ಲಿ ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥವಿದೆ. ಇಂದು ನಾವು ಹೋಗಿ ನೋಡುವ ರಥವೂ ಹೀಗೆಯೇ ಇದೆ. ಅದರ ಮೇಲೆ ಶಿಖರವಿಲ್ಲ. ಆದರೆ 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಇದೇ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಮುಂದೆ ಅದು ಇಲ್ಲವಾಯಿತು. ಆ ಚಿತ್ರ ಉಳಿಯದೆ ಹೋಗಿದ್ದರೆ ರಥ ಹಿಂದೆ ಹೇಗೆ ಕಾಣುತ್ತಿತ್ತು ಎಂಬುದನ್ನು ನಾವು ಕಣ್ಣಾರೆ ನೋಡುವಂತಿರಲಿಲ್ಲ.

ಭೌತವಿಜ್ಞಾನ ಕಲಿಸುವವರಿಗೆ ವಿದ್ಯಾರ್ಥಿಗಳಿಂದ ಆಗಾಗ ಎದುರಾಗುವ ಪ್ರಶ್ನೆ ಒಂದಿದೆ: "ಸಾರ್, ಫೋಟೋಗ್ರಫಿ ಕಲಿಯಬೇಕು. ಯಾವ ಕ್ಯಾಮೆರಾ ಕೊಳ್ಳಲಿ?" ಈಗಂತೂ ಬಹುತೇಕ ಮನೆಗಳಲ್ಲಿ ಮೊಬೈಲ್ ಕ್ಯಾಮೆರಾ ಇದೆ. ಗ್ರೀನ್‌ಲಾನ ಬಳಿ ಇದ್ದ ಉಪಕರಣಕ್ಕಿಂತ ಅದು ಎಷ್ಟೋ ಪಟ್ಟು ಸೂಕ್ಷ್ಮ, ಎಷ್ಟೋ ಪಟ್ಟು ಹಗುರ. ಆದರೂ ಅವನ ಚಿತ್ರ ಇಂದಿಗೂ ಉಪಯೋಗಕ್ಕೆ ಬರುತ್ತಿದೆ, ನಮ್ಮ ಮೊಬೈಲಿನ ನೂರಾರು ಚಿತ್ರಗಳು ತೆಗೆದ ವಾರದಲ್ಲೇ ಮರೆತುಹೋಗುತ್ತವೆ. ಇದಕ್ಕೆ ಕಾರಣ ಕ್ಯಾಮೆರಾ ಅಲ್ಲ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿನಲ್ಲಿ ತೆಗೆಯಬೇಕು, ಎಷ್ಟು ಬೆಳಕು ಬೇಕು, ಕೊನೆಗೆ ಏನನ್ನು ಬರೆದಿಡಬೇಕು ಎಂಬ ನಾಲ್ಕು ತೀರ್ಮಾನಗಳೇ ಕಾರಣ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸುತ್ತಲಿನ ಛಾಯಾಗ್ರಹಣದ ಚರಿತ್ರೆಯನ್ನು ಗಮನಿಸಿದರೆ ಈ ನಾಲ್ಕನ್ನೂ ಅಲ್ಲಿಂದಲೇ ಕಲಿಯಬಹುದು.

ಗೋಡೆಯ ಮೇಲೆ ತಲೆಕೆಳಗಾದ ಗೋಪುರ

ಹಂಪಿಗೆ ಹೋದವರು ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲು ಕೋಣೆಯನ್ನು ನೋಡದೆ ಬರುವುದಿಲ್ಲ. ಅಲ್ಲಿನ ಗೋಡೆಯ ಮೇಲೆ ಪೂರ್ವದ ಮಹಾಗೋಪುರದ ಪ್ರತಿಬಿಂಬ ತಲೆಕೆಳಗಾಗಿ ಬೀಳುತ್ತದೆ. ಎದುರಿನ ಗೋಡೆಯಲ್ಲಿರುವ ಸಣ್ಣ ಕಿಂಡಿಯೇ ಇದಕ್ಕೆ ಕಾರಣ. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ. ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿಯ ಮೂಲಕ ಇಳಿದು ಗೋಡೆಯ ಕೆಳಭಾಗವನ್ನೂ, ಬುಡದಿಂದ ಹೊರಟ ಕಿರಣ ಮೇಲಕ್ಕೇರಿ ಗೋಡೆಯ ಮೇಲ್ಭಾಗವನ್ನೂ ಸೇರುತ್ತದೆ. ಪ್ರೌಢಶಾಲೆಯ ಪಠ್ಯದಲ್ಲಿ ಬರುವ ಸೂಜಿರಂಧ್ರ ಕ್ಯಾಮೆರಾ ಇದೇ. ಶಿಲ್ಪಿಗಳು ಇದನ್ನು ಬೇಕೆಂದೇ ಮಾಡಿದರೇ ಎಂಬ ಚರ್ಚೆ ಬೇರೆ. ಕತ್ತಲು ಕೋಣೆ, ಸಣ್ಣ ರಂಧ್ರ, ಎದುರಿಗೆ ಬೆಳಕು ಬಿದ್ದ ವಸ್ತು ಇವಿಷ್ಟಿದ್ದರೆ ಪ್ರತಿಬಿಂಬ ಮೂಡಿಯೇ ಮೂಡುತ್ತದೆ.

ಈ ವಿದ್ಯಮಾನ ಪ್ರಪಂಚಕ್ಕೆ ಹೊಸದೇನಲ್ಲ. ಚೀನಾದ ಮೋಜಿಯ ಹೆಸರಿನಲ್ಲಿರುವ, ಕ್ರಿಸ್ತಪೂರ್ವ ಕಾಲದ ಬರಹಗಳಲ್ಲಿ ಇದರ ಉಲ್ಲೇಖವಿದೆ. ಸಾವಿರ ವರ್ಷಗಳ ಹಿಂದೆ ಅರಬ್ ವಿದ್ವಾಂಸ ಇಬ್ನ್ ಅಲ್ ಹೈತಮ್ ಇದನ್ನು ಪ್ರಯೋಗಗಳ ಮೂಲಕ ಪರಿಶೀಲಿಸಿದ್ದ.

ಇಲ್ಲಿ ಒಂದು ಸರಳ ಲೆಕ್ಕ ಮಾಡೋಣ. ಗೋಪುರದ ಎತ್ತರ ಸುಮಾರು 50 ಮೀಟರ್. ಕಿಂಡಿಯಿಂದ ಗೋಪುರಕ್ಕೆ 100 ಮೀಟರ್, ಕಿಂಡಿಯಿಂದ ಗೋಡೆಗೆ 4 ಮೀಟರ್ ಎಂದಿಟ್ಟುಕೊಳ್ಳಿ. ಸಮರೂಪ ತ್ರಿಭುಜಗಳ ನಿಯಮದಂತೆ ಪ್ರತಿಬಿಂಬದ ಎತ್ತರ 50 × 4 ÷ 100, ಅಂದರೆ 2 ಮೀಟರ್. ಕಿಂಡಿಯ ಅಗಲ 2 ಸೆಂ.ಮೀ. ಇದ್ದರೆ ಗೋಪುರದ ಪ್ರತಿಯೊಂದು ಬಿಂದುವೂ ಗೋಡೆಯ ಮೇಲೆ ಸುಮಾರು 2 ಸೆಂ.ಮೀ. ಅಗಲದ ಚುಕ್ಕೆಯಾಗುತ್ತದೆ. ಆದ್ದರಿಂದ ಗೋಪುರದ ಆಕಾರ ಗುರುತಿಸಬಹುದು, ಅದರ ಮೇಲಿನ ಗಾರೆಯ ಬೊಂಬೆಗಳನ್ನು ಗುರುತಿಸಲಾಗದು.

ಕಿಂಡಿಯನ್ನು ಕಿರಿದು ಮಾಡಿದರೆ ಚಿತ್ರ ಸ್ಪಷ್ಟವಾಗುತ್ತದೆ, ಆದರೆ ಮಬ್ಬಾಗುತ್ತದೆ. ತೀರ ಕಿರಿದು ಮಾಡಿದರೆ ಬೆಳಕಿನ ವಿವರ್ತನೆಯಿಂದಾಗಿ ಮತ್ತೆ ಅಸ್ಪಷ್ಟವಾಗತೊಡಗುತ್ತದೆ. ಇವೆರಡರ ನಡುವಿನ ಸೂಕ್ತ ವ್ಯಾಸ ಬೇಕಾದರೆ ರಂಧ್ರದಿಂದ ಪರದೆಗಿರುವ ದೂರವನ್ನು ಬೆಳಕಿನ ತರಂಗದೂರದಿಂದ ಗುಣಿಸಿ, ವರ್ಗಮೂಲ ತೆಗೆದು, 1.9ರಿಂದ ಗುಣಿಸಬೇಕು. 4 ಮೀಟರ್ ದೂರಕ್ಕೆ ಇದು ಸುಮಾರು 2.8 ಮಿ.ಮೀ.; 20 ಸೆಂ.ಮೀ. ಉದ್ದದ ರಟ್ಟಿನ ಡಬ್ಬಿಗೆ ಸುಮಾರು 0.6 ಮಿ.ಮೀ. ಡಬ್ಬಿ ಕ್ಯಾಮೆರಾ ಮಾಡುವ ವಿದ್ಯಾರ್ಥಿಗಳು ದಪ್ಪ ಮೊಳೆಯ ಬದಲು ಸೂಜಿಯನ್ನೇ ಏಕೆ ಬಳಸಬೇಕು ಎಂಬುದಕ್ಕೆ ಇದೇ ಉತ್ತರ.

ಛಾಯಾಗ್ರಾಹಕರು ಹೇಳುವ "ಎಫ್ ಸಂಖ್ಯೆ" ಎಂದರೆ ಮಸೂರದ ಸಂಗಮದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ. ಮೇಲೆ ಊಹಿಸಿಕೊಂಡ ಕಿಂಡಿಗೆ ಅದು 4 ಮೀಟರ್ ÷ 2 ಸೆಂ.ಮೀ., ಅಂದರೆ 200. ಸಾಮಾನ್ಯ ಮೊಬೈಲಿನದು ಸುಮಾರು 1.8. ಪ್ರತಿಬಿಂಬದ ಪ್ರಖರತೆ ಈ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿರುವುದರಿಂದ ಗೋಡೆಯ ಮೇಲಿನ ಚಿತ್ರ ಮೊಬೈಲಿನೊಳಗೆ ಮೂಡುವ ಚಿತ್ರಕ್ಕಿಂತ ಹನ್ನೆರಡು ಸಾವಿರ ಪಟ್ಟು ಮಂಕು! ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಅದು ಕಾಣದಿರುವುದು ಸಹಜವೇ.

ಈ ಪ್ರತಿಬಿಂಬದ ಚಿತ್ರ ತೆಗೆಯಲು ಹೊರಟವರು ಛಾಯಾಗ್ರಹಣದ ಮೊದಲ ಪಾಠವನ್ನು ಅಲ್ಲೇ ಕಲಿಯುತ್ತಾರೆ. ಬೆಳಕು ಕಡಿಮೆಯಿದ್ದಾಗ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು. ಆ ಹೊತ್ತಿನಲ್ಲಿ ಕೈ ಅಲುಗಿದರೆ ಚಿತ್ರ ಕದಡುತ್ತದೆ. ಮೊಬೈಲನ್ನು ಕೈಚೀಲದ ಮೇಲೋ ಗಟ್ಟಿಯಾದ ಪುಸ್ತಕಕ್ಕೋ ಒರಗಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ ತೆಗೆಯಿರಿ. ಫ್ಲಾಷ್ ಹಾಕಿದರೆ ಗೋಡೆ ಕಾಣುತ್ತದೆ, ಗೋಪುರ ಅಳಿಸಿಹೋಗುತ್ತದೆ. ಇನ್ನೊಂದು ಮಾತು: ಕೋಣೆಗೆ ಎದುರಾಗಿರುವುದು ಗೋಪುರದ ಪಶ್ಚಿಮದ ಮುಖ. ಅದಕ್ಕೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಒಮ್ಮೆ, ಸಂಜೆಯ ಮುನ್ನ ಒಮ್ಮೆ ಹೋಗಿ ಹೋಲಿಸಿದರೆ ಬೆಳಕಿನ ದಿಕ್ಕಿನ ಮಹತ್ವ ತಾನಾಗಿ ತಿಳಿಯುತ್ತದೆ.

ಮೇಣದ ಕಾಗದದ ಮೇಲೆ ಹಂಪಿ

ಪ್ರತಿಬಿಂಬವನ್ನು ಮೂಡಿಸುವುದು ಸಾವಿರಾರು ವರ್ಷಗಳಿಂದ ಗೊತ್ತಿದ್ದರೂ ಅದನ್ನು ಹಿಡಿದಿಡುವುದು ಗೊತ್ತಿರಲಿಲ್ಲ. 1839ರಲ್ಲಿ ಫ್ರಾನ್ಸಿನ ದಗೇರ್ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಹಿಡಿಯುವ ವಿಧಾನವನ್ನು ಬಹಿರಂಗಪಡಿಸಲಾಯಿತು. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಕಾಗದದ ನೆಗೆಟಿವ್‌ಗೆ ಪೇಟೆಂಟ್ ಪಡೆದ. ದಗೇರನ ತಗಡು ಒಂದೇ ಪ್ರತಿ, ಟಾಲ್ಬಟ್‌ನ ನೆಗೆಟಿವ್‌ನಿಂದ ಎಷ್ಟು ಪ್ರತಿಗಳನ್ನಾದರೂ ತೆಗೆಯಬಹುದಿತ್ತು. 1851ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಾಗದಕ್ಕೆ ಮೊದಲೇ ಮೇಣ ಹೀರಿಸುವ ಸುಧಾರಣೆ ತಂದ. ಮೇಣದಿಂದ ಕಾಗದ ಹೆಚ್ಚು ಪಾರಕವಾಗಿ ವಿವರಗಳು ಚೆನ್ನಾಗಿ ಬಂದವು. ಅದೇ ವರ್ಷ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲಿನ ಒದ್ದೆ ಕೊಲೋಡಿಯನ್ ವಿಧಾನವನ್ನು ಪ್ರಕಟಿಸಿದ. ಇದು ಇನ್ನೂ ಸ್ಪಷ್ಟ, ಇನ್ನೂ ವೇಗ. ಆದರೆ ಲೇಪನ ಒಣಗುವುದರೊಳಗೆ ಚಿತ್ರ ತೆಗೆದು ಸ್ಥಳದಲ್ಲೇ ಸಂಸ್ಕರಿಸಬೇಕಿತ್ತು.

ಸೆಖೆಯ ನಾಡಿನಲ್ಲಿ ಎತ್ತಿನ ಗಾಡಿಯ ಪ್ರಯಾಣ ಮಾಡುವವರಿಗೆ ಮೇಣದ ಕಾಗದವೇ ಅನುಕೂಲವಾಯಿತು. ಅದನ್ನು ಮೊದಲೇ ಸಿದ್ಧಪಡಿಸಿ ಒಯ್ಯಬಹುದಿತ್ತು, ಒಡೆಯುವ ಭಯವಿರಲಿಲ್ಲ. ಭಾರತದ ಸ್ಮಾರಕಗಳ ದಾಖಲೆಗೆ ಚಿತ್ರಕಾರರ ಬದಲು ಕ್ಯಾಮೆರಾ ಬಳಸುವಂತೆ ಈಸ್ಟ್ ಇಂಡಿಯಾ ಕಂಪನಿ ಪ್ರೋತ್ಸಾಹಿಸಿದ ಕಾಲವದು. ಮುಂಬಯಿಯಲ್ಲಿ 1854ರಲ್ಲಿ, ಮದರಾಸು ಮತ್ತು ಕಲ್ಕತ್ತಗಳಲ್ಲಿ 1856ರಲ್ಲಿ ಛಾಯಾಗ್ರಹಣ ಸಂಘಗಳು ಹುಟ್ಟಿದವು. ಲಿನೇಯಸ್ ಟ್ರೈಪ್ 1854ರಲ್ಲಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದ. ಎರಡು ವರ್ಷಗಳ ನಂತರ ಗ್ರೀನ್‌ಲಾ ಹಂಪಿಯಲ್ಲಿದ್ದ.

ಅಂದಿನ ಕ್ರಮ ಸ್ಥೂಲವಾಗಿ ಹೀಗಿತ್ತು. ಕಾಗದಕ್ಕೆ ಬಿಸಿ ಜೇನುಮೇಣ ಹೀರಿಸುವುದು. ಪೊಟ್ಯಾಸಿಯಂ ಅಯೋಡೈಡ್ ದ್ರಾವಣದಲ್ಲಿ ನೆನೆಸಿ ಒಣಗಿಸುವುದು. ಕತ್ತಲಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಅದ್ದಿದಾಗ ಬೆಳಕಿಗೆ ಪ್ರತಿಕ್ರಿಯಿಸುವ ಸಿಲ್ವರ್ ಅಯೋಡೈಡ್ ಉಂಟಾಗುವುದು. ಕ್ಯಾಮೆರಾದಲ್ಲಿ ಬೆಳಕಿಗೆ ಒಡ್ಡಿದ ಮೇಲೂ ಕಣ್ಣಿಗೆ ಏನೂ ಕಾಣದು. ಗ್ಯಾಲಿಕ್ ಆಮ್ಲದಲ್ಲಿಟ್ಟಾಗ ಬೆಳಕು ಬಿದ್ದ ಕಡೆ ಬೆಳ್ಳಿಯ ಸೂಕ್ಷ್ಮ ಕಣಗಳು ಬೆಳೆದು ಕಪ್ಪಾಗುತ್ತವೆ. ಕೊನೆಗೆ ಉಳಿದ ಅಯೋಡೈಡನ್ನು 'ಹೈಪೋ' ಎಂದು ನಾವು ಕರೆಯುವ ಸೋಡಿಯಂ ಥಯೋಸಲ್ಫೇಟಿನಿಂದ ತೊಳೆಯುವುದು.

ಗ್ರೀನ್‌ಲಾನ ಇಂಥ ದೊಡ್ಡ ಅಳತೆಯ ಮೇಣದ ಕಾಗದದ ನೆಗೆಟಿವ್‌ಗಳು ಈಗ ಅಲ್ಕಾಜಿ ಛಾಯಾಚಿತ್ರ ಸಂಗ್ರಹದಲ್ಲಿವೆ. ಆ ಕಾಲದ ಕಾಗದಕ್ಕೆ ಬಿಸಿಲಿನಲ್ಲೂ ಹಲವು ನಿಮಿಷಗಳ ಬೆಳಕು ಬೇಕಿತ್ತು. ಐದು ನಿಮಿಷವೆಂದೇ ಹಿಡಿಯೋಣ. ಇಂದಿನ ಮೊಬೈಲ್, ಐಎಸ್‌ಒ 100ರಲ್ಲಿ, ಹಂಪಿಯ ಬಿಸಿಲಿನಲ್ಲಿ ಸೆಕೆಂಡಿನ ಸುಮಾರು ಎಂಟು ಸಾವಿರದ ಒಂದು ಭಾಗದಲ್ಲಿ ಚಿತ್ರ ತೆಗೆಯಬಲ್ಲದು. ಅವಧಿಯ ವ್ಯತ್ಯಾಸ ಇಪ್ಪತ್ನಾಲ್ಕು ಲಕ್ಷ ಪಟ್ಟು. ನಡೆದಾಡುವ ಮನುಷ್ಯರು, ದನಕರುಗಳು ಇಷ್ಟು ದೀರ್ಘ ಅವಧಿಯಲ್ಲಿ ದಾಖಲಾಗುವುದಿಲ್ಲ. ಹಳೆಯ ಚಿತ್ರಗಳಲ್ಲಿ ಬೀದಿಗಳು ನಿರ್ಜನವಾಗಿ ಕಂಡರೆ ಊರು ನಿರ್ಜನವಾಗಿತ್ತು ಎಂದು ತೀರ್ಮಾನಿಸಬಾರದು. ಹಾಗೆಯೇ ಸಿಲ್ವರ್ ಅಯೋಡೈಡ್ ನೀಲಿ ಮತ್ತು ನೇರಳೆ ಬೆಳಕಿಗೆ ಮಾತ್ರ ಚೆನ್ನಾಗಿ ಪ್ರತಿಕ್ರಿಯಿಸುತ್ತದೆ. ಆದ್ದರಿಂದ ನೀಲಿ ಆಕಾಶ ಬರೀ ಬಿಳಿಯಾಗಿಯೂ, ಕೆಂಪು ವಸ್ತುಗಳು ಕಪ್ಪಾಗಿಯೂ ಬರುತ್ತವೆ. ಚಿತ್ರವನ್ನು ಸಾಕ್ಷ್ಯವಾಗಿ ಬಳಸುವವರು ಅದನ್ನು ತೆಗೆದ ಉಪಕರಣದ ಗುಣವನ್ನೂ ತಿಳಿದಿರಬೇಕು. ಇಂದಿನ ಮೊಬೈಲಿಗೂ ಈ ಮಾತು ಅನ್ವಯಿಸುತ್ತದೆ. ಅದು ತಾನಾಗಿಯೇ ಆಕಾಶವನ್ನು ಕಡುನೀಲಿ ಮಾಡುತ್ತದೆ, ಮುಖವನ್ನು ನಯಗೊಳಿಸುತ್ತದೆ. ದಾಖಲೆಗಾಗಿ ಚಿತ್ರ ತೆಗೆಯುವಾಗ ಇಂಥ 'ಸೌಂದರ್ಯ' ಸೌಲಭ್ಯಗಳನ್ನು ಆರಿಸಿಬಿಡಿ.

ಐದು ನಿಮಿಷಕ್ಕೊಂದು ಚಿತ್ರ, ಅದರ ಹಿಂದೆ ಗಂಟೆಗಟ್ಟಲೆ ಸಿದ್ಧತೆ ಎಂದಾಗ ಯಾರೂ ಕಂಡಕಂಡಲ್ಲಿ ಕ್ಯಾಮೆರಾ ಇಡುವುದಿಲ್ಲ. ಕಟ್ಟಡದ ಸುತ್ತ ನಡೆದು, ಮೂಲೆ ಎಲ್ಲಿ ಕಾಣುತ್ತದೆ, ನೆರಳು ಎಲ್ಲಿ ಬೀಳುತ್ತದೆ ಎಂದು ನೋಡಿ ಜಾಗ ಆರಿಸಬೇಕಾಗುತ್ತದೆ. ಹೊಸಬರು ಒಂದು ದಿನದ ಮಟ್ಟಿಗೆ ಇದನ್ನು ಅಭ್ಯಾಸ ಮಾಡಬಹುದು. ಹಂಪಿಯಲ್ಲಿ ಇಡೀ ದಿನಕ್ಕೆ ಹನ್ನೆರಡೇ ಚಿತ್ರ ಎಂದು ನಿಯಮ ಹಾಕಿಕೊಳ್ಳಿ. ಕಲ್ಲಿನ ರಥದ ಮುಂದೆ ಹೀಗೆ ಹತ್ತು ನಿಮಿಷ ನಿಂತರೆ ರಥವೆಳೆಯುವ ಆನೆಗಳ ಹಿಂದೆ ಕುದುರೆಗಳ ಹಿಂಗಾಲು ಮತ್ತು ಬಾಲಗಳ ಕೆತ್ತನೆ ಕಣ್ಣಿಗೆ ಬೀಳುತ್ತದೆ. ಮೊದಲು ಅಲ್ಲಿದ್ದದ್ದು ಕುದುರೆಗಳು, ಆನೆಗಳನ್ನು ಆಮೇಲೆ ತಂದಿಟ್ಟದ್ದು.

ಅದೇ ಜಾಗವನ್ನು ಮತ್ತೆ ಹುಡುಕುವುದು ಹೇಗೆ?

1983ರಲ್ಲಿ ಆಸ್ಟ್ರೇಲಿಯಾದ ವಾಸ್ತುಶಿಲ್ಪ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಅದೇ ದೃಶ್ಯಗಳನ್ನು ಮತ್ತೆ ತೆಗೆದರು. ಜಾರ್ಜ್ ಮಿಷೆಲ್ ಮತ್ತು ಜಾನ್ ಫ್ರಿಟ್ಜ್ ವಿಜಯನಗರದ ವ್ಯವಸ್ಥಿತ ಸಮೀಕ್ಷೆ ನಡೆಸುತ್ತಿದ್ದ ಕಾಲವದು. 127 ವರ್ಷಗಳ ಅಂತರದ ಈ ಜೋಡಿಚಿತ್ರಗಳು 2008ರಲ್ಲಿ ಪುಸ್ತಕವಾಗಿ ಬಂದವು. ಯಾವ ಭಾಗ ಉಳಿದಿದೆ, ಯಾವುದು ಹೋಗಿದೆ ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಯಿತು.

ಹಳೆಯ ಚಿತ್ರವೊಂದನ್ನು ಕೈಯಲ್ಲಿ ಹಿಡಿದು, ಅದನ್ನು ತೆಗೆದ ಜಾಗವನ್ನು ಹುಡುಕುವುದು ಹೇಗೆ? ಇದಕ್ಕೆ ಸಹಾಯ ಮಾಡುವುದು ಪ್ಯಾರಲಾಕ್ಸ್. ಒಂದು ಕಣ್ಣು ಮುಚ್ಚಿ, ಮುಖದ ಮುಂದೆ ಬೆರಳು ಹಿಡಿದು ತಲೆಯನ್ನು ಅತ್ತಿತ್ತ ಆಡಿಸಿ. ದೂರದ ಮರಕ್ಕೆ ಹೋಲಿಸಿದರೆ ಬೆರಳು ಸರಿದಂತೆ ಕಾಣುತ್ತದಲ್ಲವೇ? ಅದೇ ರೀತಿ ಎರಡು ಮೀಟರ್ ದೂರದ ಕಂಬವೊಂದರ ಹಿಂದೆ 200 ಮೀಟರ್ ದೂರದ ಬಂಡೆ ಕಾಣುತ್ತಿದೆ ಎನ್ನಿ. ನೀವು 10 ಸೆಂ.ಮೀ. ಪಕ್ಕಕ್ಕೆ ಸರಿದರೆ ಕಂಬದ ದಿಕ್ಕು ಸುಮಾರು 3 ಡಿಗ್ರಿ ಬದಲಾಗುತ್ತದೆ. ಬಂಡೆಯ ದಿಕ್ಕು ಬದಲಾಗುವುದು 0.03 ಡಿಗ್ರಿ ಮಾತ್ರ. ಹಳೆಯ ಚಿತ್ರದಲ್ಲಿ ಕಂಬದ ಅಂಚು ಬಂಡೆಯ ಯಾವ ಬಿರುಕಿಗೆ ತಾಗಿದೆಯೋ ಇಲ್ಲಿಯೂ ಅದೇ ಬಿರುಕಿಗೆ ತಾಗುವಂತೆ ನಿಂತರೆ ನೀವು ಆ ಸರಳರೇಖೆಯ ಮೇಲಿದ್ದೀರಿ. ಇಂಥ ಇನ್ನೊಂದು ಜೋಡಿಯನ್ನು ಹೊಂದಿಸಿದರೆ ಎರಡು ರೇಖೆಗಳು ಸೇರುವ ಬಿಂದುವೇ ಅಂದು ಕ್ಯಾಮೆರಾ ಇದ್ದ ಜಾಗ. ಮೊಬೈಲಿನ ಜಿಪಿಎಸ್ ಹಲವು ಮೀಟರ್‌ಗಳಷ್ಟು ತಪ್ಪಬಹುದು. ಈ ಹಳೆಯ ಉಪಾಯ ಗೇಣಿನೊಳಗೆ ತಂದು ನಿಲ್ಲಿಸುತ್ತದೆ. ಹಂಪಿಯ ಹೆಬ್ಬಂಡೆಗಳು ನೂರಿನ್ನೂರು ವರ್ಷಗಳಲ್ಲಿ ಕದಲುವುದು ಅಪರೂಪವಾದ್ದರಿಂದ ಗುರುತುಗಳಿಗೂ ಕೊರತೆಯಿಲ್ಲ.

ಇಲ್ಲಿ ಹೊಸಬರಿಗೆ ಬಹು ಮುಖ್ಯವಾದ ಪಾಠವಿದೆ. ಹತ್ತಿರದ ಹಾಗೂ ದೂರದ ವಸ್ತುಗಳು ಚಿತ್ರದಲ್ಲಿ ಪರಸ್ಪರ ಯಾವ ಗಾತ್ರದಲ್ಲಿ, ಯಾವ ಸ್ಥಾನದಲ್ಲಿ ಕಾಣುತ್ತವೆ ಎಂಬುದು ನಾವು ನಿಂತ ಜಾಗವನ್ನು ಮಾತ್ರ ಅವಲಂಬಿಸಿದೆ, ಮಸೂರವನ್ನಲ್ಲ. ಜೂಮ್ ಮಾಡಿದರೆ ಇಡೀ ದೃಶ್ಯ ಒಂದೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ ಅಷ್ಟೆ. ನಾಲ್ಕು ಹೆಜ್ಜೆ ಮುಂದೆ ನಡೆದರೆ ಹತ್ತಿರದ ಕಂಬ ಬೆಳೆಯುತ್ತದೆ, ದೂರದ ಬೆಟ್ಟ ಇದ್ದಷ್ಟೇ ಇರುತ್ತದೆ. ಆದ್ದರಿಂದ ಮೊದಲು ಕಾಲಿನಿಂದ ಜಾಗ ಆರಿಸಿ, ಆಮೇಲೆ ಜೂಮ್ ಮುಟ್ಟಿ. ಗೆಳೆಯನ ಮುಖವನ್ನು ಒಂದಡಿ ದೂರದಿಂದ ತೆಗೆದರೆ ಮೂಗು ದೊಡ್ಡದಾಗಿ ಬರುವುದಕ್ಕೂ ಇದೇ ಕಾರಣ.

ಗೋಪುರದ ಬುಡದಲ್ಲಿ ನಿಂತು ಕ್ಯಾಮೆರಾ ಮೇಲಕ್ಕೆತ್ತಿದರೆ ಗೋಪುರ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಸಂವೇದಕದ ಸಮತಲ ಗೋಪುರಕ್ಕೆ ಸಮಾಂತರವಾಗಿಲ್ಲದಿರುವುದೇ ಇದಕ್ಕೆ ಕಾರಣ. ದೂರ ಸರಿಯುವುದು ಅಥವಾ ಎತ್ತರಕ್ಕೆ ಹೋಗುವುದು ಇದಕ್ಕೆ ಪರಿಹಾರ. ವಿರೂಪಾಕ್ಷ ಗೋಪುರಕ್ಕೆ ಹೇಮಕೂಟದ ಇಳಿಜಾರು ಎರಡನ್ನೂ ಒದಗಿಸುತ್ತದೆ. ಮೊಬೈಲಿನ ಪರದೆಯ ಮೇಲೆ ಚೌಕಳಿ ಗೆರೆಗಳನ್ನು ಮೂಡಿಸಿಕೊಂಡರೆ ಕ್ಷಿತಿಜ ಓರೆಯಾಗದಂತೆ ನೋಡಿಕೊಳ್ಳಬಹುದು.

ಸೂರ್ಯ ಎಲ್ಲಿದ್ದಾನೆ?

ಜಾಗವಾದ ಮೇಲೆ ಹೊತ್ತು. ಹಂಪಿ ಇರುವುದು ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿನ ನಡುಮಧ್ಯಾಹ್ನ, ಅಂದರೆ ಸೂರ್ಯ ಅತಿ ಎತ್ತರದಲ್ಲಿರುವ ಹೊತ್ತು, ಭಾರತೀಯ ಕಾಲಮಾನದಲ್ಲಿ ಸರಾಸರಿ 12 ಗಂಟೆ 24 ನಿಮಿಷಕ್ಕೆ ಬರುತ್ತದೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಹಂಪಿ ಅದಕ್ಕಿಂತ 6 ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ 4 ನಿಮಿಷದ ವ್ಯತ್ಯಾಸ. ಆ ಹೊತ್ತಿಗೆ ಸೂರ್ಯನ ಎತ್ತರ ಡಿಸೆಂಬರ್ ಕೊನೆಯಲ್ಲಿ ದಕ್ಷಿಣ ದಿಕ್ಕಿಗೆ 51 ಡಿಗ್ರಿ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೆಯ ವಾರದಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬಂದು ನೆರಳೇ ಇಲ್ಲದ ಕ್ಷಣಗಳು ಸಿಗುತ್ತವೆ. ಇವೆರಡರ ನಡುವಿನ ಮೂರು ತಿಂಗಳು ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ!

ಈ ಲೆಕ್ಕ ಛಾಯಾಗ್ರಾಹಕನಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ವಿರೂಪಾಕ್ಷ, ವಿಠ್ಠಲ ದೇವಾಲಯಗಳು ಪೂರ್ವಾಭಿಮುಖ. ಅವುಗಳ ಮುಂಭಾಗಕ್ಕೆ ಬೆಳಗಿನ ಬಿಸಿಲು. ಅಚ್ಯುತರಾಯ ದೇವಾಲಯ ಉತ್ತರಾಭಿಮುಖ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೆಯ ವಾರದವರೆಗೆ ಅದರ ಮುಂಭಾಗಕ್ಕೆ ದಿನವಿಡೀ ನೇರ ಬಿಸಿಲು ಬೀಳುವುದೇ ಇಲ್ಲ. ಪ್ರವಾಸಿಗರು ಹೆಚ್ಚಾಗಿ ಬರುವುದು ಇದೇ ತಿಂಗಳುಗಳಲ್ಲಿ. ಗೋಪುರ ಕಪ್ಪಾಗಿಯೂ ಆಕಾಶ ಬೆಳ್ಳಗಾಗಿಯೂ ಬಂತೆಂದು ಕ್ಯಾಮೆರಾವನ್ನು ದೂರುವವರಿಗೆ ಕಾರಣ ಆಕಾಶದಲ್ಲಿದೆ. ಅವರು ಮಾತಂಗ ಬೆಟ್ಟ ಹತ್ತಿ ದಕ್ಷಿಣದ ಕಡೆಯಿಂದ ಅದೇ ದೇವಾಲಯವನ್ನು ನೋಡಿದರೆ ಸೂರ್ಯ ಬೆನ್ನ ಹಿಂದಿರುತ್ತಾನೆ.

ಉಬ್ಬುಶಿಲ್ಪಗಳಿಗೆ ಬೇಕಾದದ್ದು ಗೋಡೆಯನ್ನು ಸವರಿಕೊಂಡು ಬರುವ ಓರೆ ಬೆಳಕು. ಹಜಾರರಾಮ ದೇವಾಲಯದ ಪ್ರಾಕಾರದ ಹೊರಮುಖದ ಆನೆ, ಕುದುರೆ, ನರ್ತಕಿಯರ ಸಾಲುಗಳನ್ನು ನೆನೆಸಿಕೊಳ್ಳಿ. ಕೆತ್ತನೆ 2 ಸೆಂ.ಮೀ. ಉಬ್ಬಿದೆ ಎನ್ನೋಣ. ಬಿಸಿಲು ಗೋಡೆಯೊಂದಿಗೆ 60 ಡಿಗ್ರಿ ಕೋನದಲ್ಲಿದ್ದರೆ ನೆರಳಿನ ಉದ್ದ ಸುಮಾರು 1.2 ಸೆಂ.ಮೀ.; 15 ಡಿಗ್ರಿಯಲ್ಲಿದ್ದರೆ ಸುಮಾರು 7.5 ಸೆಂ.ಮೀ. ನೆರಳಿನಿಂದಲೇ ಕಣ್ಣಿಗೆ ಆಳ ಗೊತ್ತಾಗುವುದು. ಎದುರಿನಿಂದ ಬಿದ್ದ ಬೆಳಕಿನಲ್ಲಿ, ಅದರಲ್ಲೂ ಕ್ಯಾಮೆರಾದ ಫ್ಲಾಷಿನಲ್ಲಿ, ಅದೇ ಶಿಲ್ಪ ಗೋಡೆಗೆ ಅಂಟಿಸಿದ ಕಾಗದದಂತೆ ಕಾಣುತ್ತದೆ.

ಮುಂಜಾನೆ, ಸಂಜೆಗಳಲ್ಲಿ ಹಂಪಿಯ ಬಂಡೆಗಳು ಕೆಂಪೇರುವುದೂ ಭೌತವಿಜ್ಞಾನವೇ. ಆಗ ಬಿಸಿಲು ವಾಯುಮಂಡಲದಲ್ಲಿ ಹೆಚ್ಚು ದೂರ ಸಾಗಿ ಬರುತ್ತದೆ. ಗಾಳಿಯ ಅಣುಗಳು ಬೆಳಕನ್ನು ಚದುರಿಸುವ ಪ್ರಮಾಣ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುವುದರಿಂದ 450 ನ್ಯಾನೋಮೀಟರ್‌ನ ನೀಲಿ, 650 ನ್ಯಾನೋಮೀಟರ್‌ನ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರಿಹೋಗುತ್ತದೆ. ನಮಗೆ ತಲುಪುವುದು ಕೆಂಪು ಹಳದಿ ಬೆರೆತ ಉಳಿಕೆ. ಹೊತ್ತು ಮುಳುಗಿದ ಮೇಲೆ ಬೆಳಕು ಇನ್ನೂ ಇಳಿದಾಗ ಚಿತ್ರದಲ್ಲಿ ಚುಕ್ಕೆಚುಕ್ಕೆ ಕಾಣಿಸಿಕೊಳ್ಳುವುದು ಫೋಟಾನುಗಳ ಲೆಕ್ಕದಿಂದ. ನೂರು ಫೋಟಾನುಗಳನ್ನು ಎಣಿಸುವಲ್ಲಿ ಹತ್ತರಷ್ಟು, ಅಂದರೆ ಶೇಕಡ 10 ಏರುಪೇರು ಸಹಜ. ಹತ್ತು ಸಾವಿರ ಫೋಟಾನುಗಳಿದ್ದರೆ ಶೇಕಡ 1. ಹೆಚ್ಚು ಬೆಳಕು ಸೇರಿಸಿಕೊಳ್ಳುವುದೊಂದೇ ಇದಕ್ಕೆ ಮದ್ದು. ಮತ್ತೆ ಕೈಚೀಲದ ಆಸರೆಯೇ ಗತಿ.

ಸಂಡೂರಿನ ಕಾಡು, ಕಂಪ್ಲಿಯ ನೀರು

ಕಲ್ಲು ಕಾಯುತ್ತದೆ, ಕಾಡಿನ ಪ್ರಾಣಿ ಕಾಯುವುದಿಲ್ಲ. ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆ (1931–2011) ಅವರನ್ನು ಕರ್ನಾಟಕದ ಹಣಕಾಸು ಸಚಿವರಾಗಿ ಬಲ್ಲವರು ಬಹಳ ಮಂದಿ. ವನ್ಯಜೀವಿ ಛಾಯಾಗ್ರಹಣದಲ್ಲೂ ಅವರದು ದೊಡ್ಡ ಹೆಸರು. 1983ರಲ್ಲಿ ಪ್ರಕಟವಾದ ಅವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಪುಸ್ತಕದ ಹೆಸರೇ ಬಿಸಿಲು ಮತ್ತು ನೆರಳು. ಕಪ್ಪು ಬಿಳುಪು ಚಿತ್ರಗಳಲ್ಲಿ ಬಣ್ಣದ ಆಸರೆ ಇರುವುದಿಲ್ಲ. ಪ್ರಾಣಿಯ ಮೈಯನ್ನು ಹಿನ್ನೆಲೆಯಿಂದ ಬೇರ್ಪಡಿಸಬೇಕಾದದ್ದು ಬೆಳಕೊಂದೇ. ಹೊಸಬರು ಮೊಬೈಲಿನಲ್ಲಿ ಒಂದು ವಾರ ಕಪ್ಪು ಬಿಳುಪಿನಲ್ಲೇ ಚಿತ್ರ ತೆಗೆದು ನೋಡಲಿ. ಬೆಳಕನ್ನು ಗಮನಿಸುವ ಅಭ್ಯಾಸ ಬೇಗ ಬರುತ್ತದೆ.

1994ರಲ್ಲಿ ಸ್ಥಾಪನೆಯಾದ ದರೋಜಿ ಕರಡಿಧಾಮ ಹಂಪಿಗೂ ಸಂಡೂರಿಗೂ ಸಮೀಪದಲ್ಲಿದೆ. ಮಧ್ಯಾಹ್ನದ ಮೇಲೆ ಬಂಡೆಗಳಿಂದ ಇಳಿಯುವ ಕರಡಿಗಳನ್ನು ವೀಕ್ಷಣಾ ಗೋಪುರದಿಂದ ನೋಡಬಹುದು. ಆದರೆ ಚಿತ್ರ ತೆಗೆದರೆ ಕರಿಯ ಕರಡಿ ಬೂದು ಬಣ್ಣಕ್ಕೆ ತಿರುಗಿರುತ್ತದೆ! ಕ್ಯಾಮೆರಾದ ಬೆಳಕುಮಾಪಕಕ್ಕೆ ಕರಡಿ ಯಾವುದು, ಕೊಕ್ಕರೆ ಯಾವುದು ತಿಳಿಯದು. ತಾನು ನೋಡುವ ವಸ್ತು ಬೀಳುವ ಬೆಳಕಿನ ಸುಮಾರು ಶೇಕಡ 18ನ್ನು ಪ್ರತಿಫಲಿಸುತ್ತದೆ ಎಂದು ಅದು ಭಾವಿಸುತ್ತದೆ. ಕಪ್ಪು ವಸ್ತು ಚಿತ್ರವನ್ನು ತುಂಬಿದಾಗ ಬೆಳಕು ಸಾಲದೆಂದು ತಿಳಿದು ಹೆಚ್ಚಿಸುತ್ತದೆ. ಆಗ ನಾವು ಎಕ್ಸ್‌ಪೋಷರನ್ನು ಒಂದು ಹಂತ ಕಡಿಮೆ ಮಾಡಬೇಕು. ಕಂಪ್ಲಿಯ ಭತ್ತದ ಗದ್ದೆಗಳಲ್ಲಿ ಗುಂಪಾಗಿ ಇಳಿದ ಬೆಳ್ಳಕ್ಕಿಗಳು ಚಿತ್ರ ತುಂಬಿದರೆ ಇದಕ್ಕೆ ವಿರುದ್ಧವಾಗಿ ಹೆಚ್ಚಿಸಬೇಕು. ಮೊಬೈಲಿನಲ್ಲಿ ವಸ್ತುವಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದರೆ ಈ ಕೆಲಸವಾಗುತ್ತದೆ.

ಕಂಪ್ಲಿಯ ಬಳಿ ತುಂಗಭದ್ರೆಯ ದಡದಲ್ಲಿ ನಿಂತವರಿಗೆ ಇನ್ನೊಂದು ಪ್ರಯೋಗ ಸಿದ್ಧವಿದೆ. ನೀರಿನ ಮೇಲ್ಮೈಯಿಂದ ಪ್ರತಿಫಲಿತವಾದ ಬೆಳಕು ಧ್ರುವೀಕೃತವಾಗಿರುತ್ತದೆ. ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದಾಗ ಧ್ರುವೀಕರಣ ಪೂರ್ಣವಾಗುತ್ತದೆ. ಬ್ರೂಸ್ಟರ್ ನಿಯಮ ಹೇಳುವುದು ಇದನ್ನೇ. ಪೋಲರಾಯ್ಡ್ ತಂಪುಕನ್ನಡಕವೊಂದನ್ನು ಮೊಬೈಲಿನ ಮಸೂರದ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಸ್ಥಾನದಲ್ಲಿ ಹೊಳಪು ಮಾಯವಾಗಿ ನೀರೊಳಗಿನ ಕಲ್ಲುಗಳು ಕಾಣುತ್ತವೆ. ಹರಿಗೋಲಿನ ನೆರಳುಬಿಂಬ ನೀರಿನಲ್ಲಿ ಬೇಕೆಂದರೆ ಇನ್ನೊಂದು ಕಡೆಗೆ ತಿರುಗಿಸಿ.

ದಿನಾಂಕವಿಲ್ಲದ ಚಿತ್ರ

ಈ ನದಿಯೇ ನಮ್ಮನ್ನು ನಾಲ್ಕನೆಯ ತೀರ್ಮಾನಕ್ಕೆ, ಅಂದರೆ ಬರೆದಿಡುವ ಕೆಲಸಕ್ಕೆ ಕರೆತರುತ್ತದೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿಯ ಸೇತುವೆಯ ಮೇಲೂ ನೀರು ಹರಿಯುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ಜನ ತೆಗೆದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ನೀರು ಕಂಬದ ಎಷ್ಟನೆಯ ಕಲ್ಲಿನವರೆಗೆ, ಯಾವ ಗಂಟೆಗೆ ಬಂದಿತ್ತು ಎಂಬುದು ಗೊತ್ತಿದ್ದರೆ ಅಂಥ ಒಂದೊಂದು ಚಿತ್ರವೂ ಒಂದು ಅಳತೆ. ಗೊತ್ತಿಲ್ಲದಿದ್ದರೆ ಅದು ಬರೀ ಕುತೂಹಲ.

ಬದಲಾವಣೆಗೆ 127 ವರ್ಷ ಬೇಕಿಲ್ಲ. ವಿರೂಪಾಕ್ಷ ದೇವಾಲಯದ ಮುಂದಿನ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಜನ ವಾಸವಿದ್ದರು, ಅಂಗಡಿ ನಡೆಸುತ್ತಿದ್ದರು. 2011ರ ಜುಲೈನಲ್ಲಿ ಆ ಮನೆ ಅಂಗಡಿಗಳನ್ನು ತೆರವುಗೊಳಿಸಲಾಯಿತು. ಸ್ಮಾರಕ ಮುಖ್ಯವೋ ಬದುಕು ಮುಖ್ಯವೋ ಎಂಬ ವಾದ ಏನೇ ಇರಲಿ, ಆ ಬಜಾರು ಹೇಗಿತ್ತು ಎಂಬುದಕ್ಕೆ ಸಾಕ್ಷಿ ಹಳೆಯ ಚಿತ್ರಗಳು. ಯಾವುದೋ ಮದುವೆ, ಯಾವುದೋ ಜಾತ್ರೆಯ ಫೋಟೋದ ಹಿನ್ನೆಲೆಯಲ್ಲಿ ಅದು ಇರಬಹುದು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಗೆ ತಡೆ ನೀಡಿತು. ಮುಂದೆ ಷರತ್ತುಗಳೊಂದಿಗೆ ಗಣಿಗಾರಿಕೆ ಮತ್ತೆ ಆರಂಭವಾಯಿತು. ಸಂಡೂರಿನ ಬೆಟ್ಟಸಾಲಿನ ಅಂಚು ಗಣಿಗಾರಿಕೆಗೆ ಮೊದಲು ಹೇಗಿತ್ತು, ಈಗ ಹೇಗಿದೆ ಎಂದು ಹೋಲಿಸಲು ಒಂದೇ ಜಾಗದಿಂದ ತೆಗೆದ, ದಿನಾಂಕವಿರುವ ಚಿತ್ರಗಳು ಬೇಕು. ಊರಿನ ಹಳೆಯ ಸ್ಟುಡಿಯೋಗಳಲ್ಲಿ, ಮನೆಯ ಆಲ್ಬಮ್‌ಗಳಲ್ಲಿ ಅಂಥವು ಇದ್ದರೆ ಹಿರಿಯರು ಇರುವಾಗಲೇ ಕೇಳಿ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡುವುದು ಒಳ್ಳೆಯದು.

ಮೊಬೈಲ್ ಪ್ರತಿ ಚಿತ್ರದೊಳಗೂ ದಿನಾಂಕ, ವೇಳೆ, ಎಕ್ಸ್‌ಪೋಷರ್, ಅನುಮತಿ ನೀಡಿದ್ದರೆ ಸ್ಥಳವನ್ನೂ ಬರೆದಿಡುತ್ತದೆ. ಆದರೆ ವಾಟ್ಸ್‌ಆಪ್‌ನಲ್ಲಿ ಮಾಮೂಲಿ ಚಿತ್ರವಾಗಿ ಕಳಿಸಿದಾಗ ಈ ಮಾಹಿತಿ ಅಳಿಸಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ದಾಖಲೆಯ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲಪ್ರತಿಯನ್ನು ಎರಡು ಕಡೆ ಉಳಿಸಿ. ಕಡತದ ಹೆಸರಿನಲ್ಲೇ ವರ್ಷ, ತಿಂಗಳು, ದಿನ, ಸ್ಥಳ ಸೇರಿಸಿ.

ತರಗತಿಗೊಂದು ಚಟುವಟಿಕೆ

ಶಿಕ್ಷಕರು ಈ ವರ್ಷವೇ ಆರಂಭಿಸಬಹುದಾದ ಕೆಲಸವೊಂದಿದೆ. ಖರ್ಚು ಬಹುಮಟ್ಟಿಗೆ ಇಲ್ಲ.

1. ಊರಿನ ಒಂದು ಜಾಗ ಆರಿಸಿ. ಕೆರೆ, ಸೇತುವೆ, ಹಳೆಯ ಗುಡಿ, ಬೆಟ್ಟದ ಸಾಲು ಯಾವುದಾದರೂ ಆದೀತು.

2. ಹತ್ತಿರದ ಒಂದು ಗುರುತು ದೂರದ ಇನ್ನೊಂದು ಗುರುತಿಗೆ ತಾಗುವಂಥ ಎರಡು ಜೋಡಿಗಳನ್ನು ಹುಡುಕಿ ನಿಲ್ಲುವ ಬಿಂದುವನ್ನು ನಿರ್ಧರಿಸಿ. ಅದರ ರೇಖಾಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.

3. ತಿಂಗಳಿಗೊಮ್ಮೆ, ಒಂದೇ ಗಂಟೆಗೆ, ಜೂಮ್ ಮಾಡದೆ, ಮಸೂರವನ್ನು ಶುಭ್ರ ಬಟ್ಟೆಯಿಂದ ಒರೆಸಿ ಒಂದು ಚಿತ್ರ ತೆಗೆಯಿರಿ. ಗಾತ್ರ ತಿಳಿಯಲು ಚೌಕಟ್ಟಿನೊಳಗೆ ಒಂದು ಮೀಟರ್ ಕೋಲು ಇರಲಿ.

4. ದಿನ, ವೇಳೆ, ಹವೆ, ತೆಗೆದವರ ಹೆಸರು ಬರೆಯಿರಿ. ನೆರಳಿನ ಉದ್ದದಿಂದ ಸೂರ್ಯನ ಎತ್ತರ ಲೆಕ್ಕ ಹಾಕಿ, ತಿಂಗಳಿಂದ ತಿಂಗಳಿಗೆ ಹೋಲಿಸಿ.

5. ತರಗತಿ ಮುಗಿಸಿ ಹೋಗುವ ವಿದ್ಯಾರ್ಥಿಗಳು ನೋಟ್‌ಬುಕ್ಕನ್ನು ಮುಂದಿನ ತಂಡಕ್ಕೆ ಒಪ್ಪಿಸಲಿ.

ಹಂಪಿಯ ಸಂರಕ್ಷಿತ ಸ್ಮಾರಕಗಳಲ್ಲಿ ತ್ರಿಪಾದಿ ಮತ್ತು ಡ್ರೋನ್ ಬಳಸಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಚಿತ್ರಕ್ಕಾಗಿ ಶಿಲ್ಪಗಳ ಮೇಲೆ ಹತ್ತುವುದು, ಕಂಬಗಳನ್ನು ಬಡಿಯುವುದು ಕೂಡದೆಂದು ಮಕ್ಕಳಿಗೆ ಮೊದಲೇ ಹೇಳಿ.

ಹೀಗೆ ಹನ್ನೆರಡು ತಿಂಗಳು ಚಿತ್ರ ತೆಗೆದ ವಿದ್ಯಾರ್ಥಿಗೆ ಜಾಗ, ಹೊತ್ತು, ಬೆಳಕು ಮೂರೂ ಕೈಗೆ ಹತ್ತಿರುತ್ತವೆ. ಆಮೇಲೆ ಯಾವ ಕ್ಯಾಮೆರಾ ಕೊಳ್ಳಬೇಕೆಂಬ ಪ್ರಶ್ನೆಗೆ ಅವನೋ ಅವಳೋ ತಾವೇ ಉತ್ತರ ಹೇಳಬಲ್ಲರು. ಹತ್ತು ವರ್ಷ ನಡೆದರೆ ಆ ಶಾಲೆಯ ಕಪಾಟಿನಲ್ಲಿ ತನ್ನ ಊರಿನ 120 ಚಿತ್ರಗಳಿರುತ್ತವೆ, ಒಂದೊಂದಕ್ಕೂ ದಿನಾಂಕವಿರುತ್ತದೆ.